ಬಿಸು ದಿನದ ಅಗೆಲು

ಅರಂತೋಡು, ಸುಳ್ಯ
೪ ನವೆಂಬರ್ ೨೦೨೪

ಮೇಜರ್ ಗಿರಿಧರ ಸಾಹೇಬರಿಗೆ,

ದೇವಮ್ಮನ ನಮಸ್ಕಾರ. ನಾನು ಇದ್ದ ಹಾಗೇ ಇದ್ದೇನೆ, ನಿಮ್ಮ ಮಂಡಿ ಹೇಗುಂಟು?

ಫೋನ್ ಇರುವಾಗ ಈ ಮುದುಕಿಗೆ ಕಾಗದದ ಹುಚ್ಚು ಎಂತದು ಎಂದು ನೀವು ನಗಬಹುದು. ಫೋನಿನಲ್ಲಿ ನೀವು "ಊಟ ಆಯ್ತಾ ಅಮ್ಮ, ಮಾತ್ರೆ ತಗೊಂಡ್ರಾ" ಎಂದು ಎರಡು ಪ್ರಶ್ನೆ ಕೇಳಿ ಇಟ್ಟುಬಿಡುತ್ತೀರಿ. ಏಳು ವರ್ಷದಿಂದ ಅದೇ ಎರಡು ಪ್ರಶ್ನೆ. ನನಗೆ ಕೇಳಲಿಕ್ಕಿರುವುದು ಬೇರೆ, ಅದಕ್ಕೆ ಕಾಗದವೇ ಆಗಬೇಕು. ನನ್ನ ಗಂಡ ಹವಾಲ್ದಾರರಾಗಿದ್ದಾಗ ಹದಿನೆಂಟು ವರ್ಷ ಕಾಗದದಲ್ಲೇ ಸಂಸಾರ ಮಾಡಿದವಳು ನಾನು. ಆ ಅಭ್ಯಾಸ ಹೋಗಿಲ್ಲ.

ಮೊದಲು ಸಂತೋಷದ ಸುದ್ದಿ. ಕಡಬದ ಮಾಜಿ ಸೈನಿಕರು ಮೂವರು ಮನೆಗೆ ಬಂದಿದ್ದರು. ಬರುವ ಜನವರಿ ಇಪ್ಪತ್ತಾರಕ್ಕೆ ನಿಮಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಗುಂಡಿನ ನಡುವೆ ಮೋಕ್ಷಿತನನ್ನು ಹೊತ್ತು ತಂದವರಿಗೆ ಅವನ ತಾಯಿಯೇ ಶಾಲು ಹೊದೆಸಬೇಕು ಎಂದರು. ಒಪ್ಪಿದೆ. ಹೇಮಶ್ರೀ ಕೋಡಿಂಬಾಳದಿಂದ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾಳೆ. ಮದುವೆಯಾಗಿ ಅಲ್ಲಿಗೆ ಹೋದ ಮೇಲೆ ನನ್ನ ಮಗಳಿಗೆ ತಾಯಿಯನ್ನು ಕಾರಿನಲ್ಲಿ ಸುತ್ತಿಸುವುದೆಂದರೆ ದೊಡ್ಡ ಗಮ್ಮತ್ತು.

ಈಗ ಕೇಳಲಿಕ್ಕಿರುವುದು. ಹೋದ ವಾರ ಕಣ್ಣೂರಿನ ಕೃಷ್ಣಮೋಹನ ಎಂಬವರು ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಅವರೂ ನಿಮ್ಮ ಬೆಟಾಲಿಯನ್‌ನವರೇ, ಬೆಳಿಗ್ಗೆ ನಿಮ್ಮ ನೆರವಿಗೆ ಬಂದ ತುಕಡಿಯಲ್ಲಿ ಇದ್ದರಂತೆ. ನನಗೆ ಮಲಯಾಳ ಬರುತ್ತದಲ್ಲ, ಮಾತಾಡಿದೆವು. ಅವರು ಹೇಳಿದರು, "ಅಮ್ಮಾ, ಅವನನ್ನು ಕೆಳಗೆ ತಂದದ್ದು ವಿಷು ದಿನ. ಆಮೇಲೆ ನಾನು ವಿಷು ಕಣಿ ನೋಡಿಲ್ಲ" ಎಂದು.

ವಿಷು ಎಂದರೆ ನಮ್ಮ ಬಿಸು, ಬೆಳಿಗ್ಗೆ ಎದ್ದು ಕಣಿಗೆ ಇಟ್ಟ ಹಣ್ಣು, ಹೂ, ಕನ್ನಡಿ ನೋಡಿ ಹೊಸ ವರ್ಷ ಶುರುಮಾಡುವ ದಿನ, ಏಪ್ರಿಲ್ ಹದಿನಾಲ್ಕನೆಯ ತಾರೀಕು. ನಿಮ್ಮ ಕಾಗದದಲ್ಲಿ, ಸರಕಾರದ ಕಾಗದದಲ್ಲಿ, ಮನೆಯ ಎದುರಿನ ಅವನ ಹೆಸರಿನ ಕಲ್ಲಿನಲ್ಲಿ ಅವನು ತೀರಿಕೊಂಡದ್ದು ಎಂದು ಇರುವುದು ಏಪ್ರಿಲ್ ಹದಿಮೂರು, ಸಂಜೆ. ನಮ್ಮಲ್ಲಿ ತೀರಿಕೊಂಡವರಿಗೆ ಅವರ ದಿನದಂದೇ ಅಗೆಲು ಬಡಿಸುವುದು. ಕುಡಿ ಬಾಳೆಎಲೆಯಲ್ಲಿ ಅವರಿಗೆ ಇಷ್ಟದ್ದನ್ನೆಲ್ಲ ಇಟ್ಟು, ದೀಪ ಹಚ್ಚಿ, ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ. ಏಳು ವರ್ಷ ಹದಿಮೂರಕ್ಕೇ ಬಡಿಸಿದ್ದೇನೆ.

ದಿನ ಯಾವುದು ಎಂದು ಒಂದು ಗೆರೆ ಬರೆಯಿರಿ.

ಕಾಯುತ್ತಿರುವ,
ದೇವಮ್ಮ


ನರಿಮೊಗರು, ಪುತ್ತೂರು
೧೯ ನವೆಂಬರ್ ೨೦೨೪

ಪೂಜ್ಯ ದೇವಮ್ಮನವರಿಗೆ ಗಿರಿಧರನ ವಂದನೆಗಳು.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. ಮಂಡಿ ಮಳೆಗಾಲದಲ್ಲಿ ಬೈಯುತ್ತದೆ, ಈಗ ಸುಮ್ಮನಿದೆ. ಕೆಳಗೆ ಕೂರಲು, ಬಗ್ಗಲು ಮಾತ್ರ ಆಗುವುದಿಲ್ಲ.

ಸನ್ಮಾನದ ವಿಷಯ ನನಗೂ ಹೇಳಿದ್ದಾರೆ. ಬೇಡ ಎಂದೆ, ಅವರು ಕೇಳಲಿಲ್ಲ. ಅಮ್ಮ, ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ. ಈ ವರ್ಷ ಇಲ್ಲಿಯವರೆಗೆ ಹದಿನಾಲ್ಕು ಶಾಲೆಗಳಲ್ಲಿ ಮಾತಾಡಿದ್ದೇನೆ. ಎಲ್ಲ ಕಡೆ ಒಂದೇ ವಿಷಯ, "ಧೈರ್ಯ ಮತ್ತು ನಾಯಕತ್ವ". ಎಲ್ಲ ಕಡೆ ಅದೇ ನಾಲೆ, ಅದೇ ಗುಂಡು, ಅದೇ ಮಂಡಿ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮುಖ್ಯೋಪಾಧ್ಯಾಯರು ಹಣ್ಣಿನ ಬುಟ್ಟಿ ಕೊಡುತ್ತಾರೆ. ಮನೆಗೆ ಬಂದು ಬುಟ್ಟಿಯನ್ನು ತಾಯಿಯ ಕೈಗೆ ಕೊಟ್ಟು ಮಲಗಿದರೆ ಮರುದಿನ ಏಳಲು ಮನಸ್ಸಾಗುವುದಿಲ್ಲ.

ಕೃಷ್ಣಮೋಹನ ಹೇಳಿದ್ದು ಸುಳ್ಳಲ್ಲ. ನಾವು ಮೋಕ್ಷಿತನನ್ನು ಕೆಳಗೆ ತಂದದ್ದು ಹದಿನಾಲ್ಕರ ಬೆಳಿಗ್ಗೆಯೇ. ಹಿಂದಿನ ಸಂಜೆ ತರುವ ಸ್ಥಿತಿ ಇರಲಿಲ್ಲ. ಗುಂಡು ಬಿದ್ದದ್ದು ಹದಿಮೂರರ ಸಂಜೆ. ಕಾಗದದಲ್ಲಿ ಇರುವುದು ಹಾಗೆ. ಅವರು ನೋಡಿದ್ದು ಬೆಳಿಗ್ಗೆ ಮಾತ್ರ. ಆದ್ದರಿಂದ ಅವರ ನೆನಪಿನಲ್ಲಿ ಅದೇ ಉಳಿದಿದೆ.

ನೀವು ಆ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡಿ. ಮಾತ್ರೆ ತಪ್ಪಿಸಬೇಡಿ. (ಕೇಳಲೇಬಾರದು ಎಂದಿದ್ದೆ, ಕೈ ತಾನಾಗಿ ಬರೆಯಿತು.)

ನಿಮ್ಮ ಆಶೀರ್ವಾದ ಬೇಡುವ,
ಗಿರಿಧರ


ಅರಂತೋಡು
೨ ಡಿಸೆಂಬರ್ ೨೦೨೪

ಮೇಜರ್ ಸಾಹೇಬರಿಗೆ,

ಅವನನ್ನು ತಂದದ್ದು ಯಾವಾಗ ಎಂದು ಬರೆದಿದ್ದೀರಿ. ಗುಂಡು ಬಿದ್ದದ್ದು ಯಾವಾಗ ಎಂದೂ ಬರೆದಿದ್ದೀರಿ. ಜೀವ ಹೋದದ್ದು ಯಾವಾಗ ಎಂದು ನಾನು ಕೇಳಿದ್ದು. ಅದನ್ನು ಮಾತ್ರ ಬರೆಯಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಕಲಿತವಳು ಮಾರಾಯ್ರೆ, ಅಷ್ಟು ಓದಲಿಕ್ಕೆ ಬರುತ್ತದೆ.

ಕೃಷ್ಣಮೋಹನ ಇನ್ನೊಂದು ಮಾತು ಹೇಳಿದ್ದರು, ಮೊದಲ ಕಾಗದದಲ್ಲಿ ನಾನು ಬರೆಯಲಿಲ್ಲ. ನೀವಾಗಿಯೇ ಹೇಳುತ್ತೀರಿ ಎಂದು ಕಾದೆ. ನನಗೆ ಸಮಾಧಾನವಾಗಲಿ ಎಂದೇ ಪಾಪ ಅವರು ಹೇಳಿದ್ದು. "ನಾನು ಅವನ ಕಾಲು ಹಿಡಿದವನಮ್ಮ. ಮೈ ಇನ್ನೂ ಬಿಸಿ ಇತ್ತು, ನಿದ್ದೆ ಮಾಡಿದ ಹಾಗಿದ್ದ" ಎಂದರು.

ಸುತ್ತ ಹಿಮ ಇತ್ತು ಎಂದು ನೀವೇ ಮೊದಲ ಸಲ ಬಂದಾಗ ಹೇಳಿದ್ದಿರಿ. ನಾನು ಅತ್ತೆಯನ್ನು, ಗಂಡನನ್ನು, ನನ್ನ ತಾಯಿಯನ್ನು ಸ್ನಾನ ಮಾಡಿಸಿ ಕಳಿಸಿದವಳು. ಸಂಜೆ ಹೋದ ಜೀವದ ಮೈ ಹಿಮದಲ್ಲಿ ಬೆಳಗಿನವರೆಗೆ ಬಿಸಿ ಇರುವುದಿಲ್ಲ.

ಬಡಿಸಿದಾಗೆಲ್ಲ ಏನಾದರೊಂದು ಆಗಿದೆ. ಒಂದು ವರ್ಷ ಬಾಗಿಲು ತೆಗೆಯುವಾಗ ದೀಪ ಆರಿತ್ತು, ಒಂದು ವರ್ಷ ಎಲೆ ಮಗುಚಿತ್ತು. ನಮ್ಮ ಬೆಳ್ಯಪ್ಪ ಬಾವ ಪ್ರತಿಸಲ "ದೇವೂ, ದಿನ ಸರಿ ಉಂಟಲ್ಲ?" ಎಂದು ಕೇಳುತ್ತಿದ್ದರು. ಗಂಡನ ಅಣ್ಣ, ಮನೆಗೆ ಹಿರಿಯರು, ಅವರಿಗೆ ಎದುರಾಡುವಂತಿಲ್ಲ. ಆದರೂ "ಮೇಜರ್ರೇ ಬರೆದು ಕೊಟ್ಟಿದ್ದಾರೆ, ಸರಿ ಇಲ್ಲದೆ ಎಂತ?" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ದೀಪ ಆರಲಿಕ್ಕೆ ಗಾಳಿ ಸಾಕು, ಎಲೆ ಮಗುಚಲಿಕ್ಕೆ ಬೆಕ್ಕು ಸಾಕು, ನನಗೂ ಗೊತ್ತುಂಟು. ಆದರೆ ದಿನವೇ ತಪ್ಪಿದ್ದರೆ? ನಾವು ಕರೆದ ದಿನ ಅವನು ಇನ್ನೂ ಬದುಕಿದ್ದ ದಿನ. ಅವನು ಬರುವ ದಿನ ನಮ್ಮ ಮನೆಯಲ್ಲಿ ಕಣಿ, ಪಾಯಸ. ಅವನ ಎಲೆ ಇಲ್ಲ.

ನನಗೆ ಎಪ್ಪತ್ತು ದಾಟಿತು. ನಾನು ಹೋಗುವ ಮೊದಲು ಅವನು ಒಂದು ಸಲವಾದರೂ ಈ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಬೇಕು. ನನ್ನದು ಇದೊಂದೇ.

ಹೆದರಬೇಡಿ. ನೀವು ಉತ್ತರ ಕೊಟ್ಟರೂ ಕೊಡದಿದ್ದರೂ ಕಡಬದಲ್ಲಿ ಶಾಲು ಹೊದೆಸುತ್ತೇನೆ. ಆಡಿದ ಮಾತು ನಾನು ತಪ್ಪುವುದಿಲ್ಲ.

ದೇವಮ್ಮ


ನರಿಮೊಗರು
೯ ಜನವರಿ ೨೦೨೫

ಅಮ್ಮ,

ಮೋಕ್ಷಿತ್ ತೀರಿಕೊಂಡದ್ದು ಹದಿನಾಲ್ಕನೆಯ ತಾರೀಕು, ಬಿಸು ದಿನ, ಬೆಳಗಿನ ನಾಲ್ಕೂವರೆಯ ಸುಮಾರಿಗೆ. ಹದಿಮೂರು ಎಂದು ಬರೆದವನು ನಾನು. ಕ್ಷಣದಲ್ಲಿ ಜೀವ ಹೋಯಿತು ಎಂದು ಬರೆದವನೂ ನಾನೇ.

ಇಷ್ಟನ್ನು ಬರೆಯಲು ಐದು ವಾರ ಬೇಕಾಯಿತು. ಉಳಿದದ್ದನ್ನೂ ಬರೆದುಬಿಡುತ್ತೇನೆ, ಇನ್ನೊಮ್ಮೆ ಕೂತರೆ ಆಗಲಿಕ್ಕಿಲ್ಲ.

ಆ ಸಂಜೆ ನಾಲ್ಕೂವರೆಗೆ ನಾವು ನಾಲೆಯ, ಅಂದರೆ ಬೆಟ್ಟದ ನಡುವಿನ ಹಿಮದ ಹಳ್ಳದ, ಈಚೆ ದಂಡೆಯಲ್ಲಿದ್ದೆವು. ನನ್ನನ್ನೂ ಸೇರಿ ಇಪ್ಪತ್ತಮೂರು ಜನ. ಎದುರು ಬಂಡೆಗಳ ನಡುವೆ ಮೂವರು ಅಡಗಿದ್ದಾರೆ ಎಂದು ನಮ್ಮ ಅಂದಾಜು. ಎಡಗಡೆಯಿಂದ ನಾಲೆ ದಾಟು ಎಂದು ಮೋಕ್ಷಿತನಿಗೆ ಹೇಳಿದವನು ನಾನು. ಅವನು ಅರ್ಧ ದಾಟುವಾಗ ಗುಂಡು ಹೊಟ್ಟೆಯ ಕೆಳಗೆ ಬಿತ್ತು. ಒಂದು ಕಲ್ಲಿನ ಮರೆಗೆ ತೆವಳಿದ. ನಮ್ಮಿಂದ ಎಪ್ಪತ್ತು ಹೆಜ್ಜೆ ಇರಬಹುದು, ಹೆಚ್ಚಿಲ್ಲ. ಕೂಡಲೇ ಇಬ್ಬರು ಓಡಿದರು. ಒಬ್ಬನ ಭುಜ ಹೋಯಿತು, ಇಬ್ಬರೂ ಹಿಂದೆ ಬಿದ್ದು ಉರುಳಿ ಬಂದರು.

ಆಗ ಮೋಕ್ಷಿತ್ ಕೂಗಿದ. ಇಡೀ ಕಂಪನಿಯಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಇಲ್ಲಿ ಸುಳ್ಯ ಪೇಟೆಯಲ್ಲಿ ಮಾತಾಡಿದ ಹಾಗೆ ಕೂಗಿದ, "ಬರ್ಬೇಡಿ ಸಾರ್, ಮೂರಲ್ಲ, ಐದು ಜನ ಉಂಟು. ಬಲಗಡೆ ಮೇಲೆ ಇನ್ನೊಂದು ಗನ್ ಉಂಟು" ಎಂದು. ಎದುರಿನವರಿಗೆ ತಿಳಿಯಬಾರದು ಎಂದೇ ಅವನು ಹಿಂದಿ ಬಿಟ್ಟದ್ದು. ಆ ಸ್ಥಿತಿಯಲ್ಲೂ ಅಷ್ಟು ತಲೆ ಓಡಿಸಿದ. ಅವನ ಮಾತಿನಂತೆ ನಾನು ಎಲ್ಲರನ್ನೂ ಜಾಗ ಬದಲಿಸಿ ಕೂರಿಸಿದೆ. ಇಲ್ಲದಿದ್ದರೆ ಕತ್ತಲಾಗುವ ಮೊದಲು ನಮ್ಮಲ್ಲಿ ಅರ್ಧ ಜನ ಇರುತ್ತಿರಲಿಲ್ಲ.

ಆಮೇಲೆ ನಾನು ಒಂದು ಆಜ್ಞೆ ಕೊಟ್ಟೆ. ಬೆಳಕು ಹರಿದು ನೆರವು ಬರುವವರೆಗೆ ಯಾರೂ ನಾಲೆಗೆ ಇಳಿಯಕೂಡದು. ಹುಡುಗರು ನನ್ನ ಮುಖ ನೋಡಿದರು. ಒಬ್ಬ ನನ್ನೆದುರೇ ಉಗಿದ. ಹೋದರೆ ಹೋದವರು ಬರುವುದಿಲ್ಲ, ಅವನೂ ಬರುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ಈಗಲೂ ಸ್ಪಷ್ಟವಾಗಿಯೇ ಇದೆ. ಅದೇ ನನಗೆ ನಿದ್ದೆ ಬಿಡಿಸುವುದು.

ಅವನು ಬೆಳಗಿನ ಜಾವದವರೆಗೆ ಬದುಕಿದ್ದ. ನಡುನಡುವೆ ಕೂಗುತ್ತಿದ್ದ. "ಸಾಬ್, ಏನು ಹೇಳುತ್ತಿದ್ದಾನೆ?" ಎಂದು ಪಕ್ಕದವರು ಕೇಳಿದರು. "ಆರಾಮಿದ್ದಾನಂತೆ, ಬೆಳಗಿನವರೆಗೆ ಕಾಯುತ್ತಾನಂತೆ" ಎಂದೆ. ಜ್ವರದಲ್ಲಿ ಏನೋ ಮಾತು, ಅಷ್ಟೆ. ನಾಲ್ಕೂವರೆಗೆ ದನಿ ನಿಂತಿತು. ಐದೂಕಾಲಿಗೆ ನೆರವು ಬಂತು. ಆಗ ನಾನು ಇಳಿದೆ, ಆಗಲೇ ಮಂಡಿಗೆ ಗುಂಡು ಬಿದ್ದದ್ದು. ಪದಕದ ಕಾಗದದಲ್ಲಿ "ಪ್ರಾಣದ ಹಂಗು ತೊರೆದು ತನ್ನ ಯೋಧನ ದೇಹವನ್ನು ಹೊತ್ತು ತಂದರು" ಎಂದಿದೆ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಹನ್ನೆರಡು ಗಂಟೆ ತಡವಾಗಿ ಎಂಬುದು ಮಾತ್ರ ಅದರಲ್ಲಿಲ್ಲ.

ವರದಿಯನ್ನು ಆಸ್ಪತ್ರೆಯ ಮಂಚದಲ್ಲಿ ಕೂತು ಬರೆದೆ. ದಿನಾಂಕದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಬಿಸು ಎಂದು ನೆನಪಾಯಿತು. ಒಂದು ತಾಯಿ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಬಂದು ಕಣಿಯ ಎದುರು ಕಣ್ಣು ತೆರೆಯುವ ದಿನ, ಇನ್ನು ಪ್ರತಿವರ್ಷ ಮಗ ಸತ್ತ ದಿನವಾಗುತ್ತದೆ ಎನ್ನಿಸಿತು. ಬೇರೆ ಊರಿನ ಅಧಿಕಾರಿಯಾಗಿದ್ದರೆ ಹದಿನಾಲ್ಕು ಎಂದು ಬರೆದು ಸಹಿ ಹಾಕುತ್ತಿದ್ದ, ಅವನಿಗೆ ಅದೊಂದು ತಾರೀಕು. ನಾನು ಈ ಊರಿನವನು, ಹದಿಮೂರು ಎಂದು ಬರೆದೆ. ನಿಮ್ಮ ಮನೆಗೆ ಒಂದು ಹಬ್ಬವಾದರೂ ಉಳಿಯಲಿ ಎಂದು. ನಮ್ಮಲ್ಲೂ ತಿಥಿಗೆ ದಿನವೇ ಮುಖ್ಯ, ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಹದಿಮೂರು ಎಂದರೆ ಆ ಹನ್ನೆರಡು ಗಂಟೆ ಇಲ್ಲವಾಗುತ್ತಿತ್ತು.

ಕಡಬದವರಿಗೆ ಸನ್ಮಾನ ಬೇಡವೆಂದು ಖಂಡಿತವಾಗಿ ಹೇಳಿದ್ದೇನೆ. ನೀವು ಮಾತು ತಪ್ಪಿದಂತಾಗಲಿಲ್ಲ, ತಪ್ಪಿಸಿದವನು ನಾನು.

ಗಿರಿಧರ


ಕೋಡಿಂಬಾಳ, ಕಡಬ
೨೭ ಜನವರಿ ೨೦೨೫

ಮೇಜರ್ ಸರ್,

ನಾನು ಹೇಮಶ್ರೀ, ಮೋಕ್ಷಿತನ ತಂಗಿ. ಅಮ್ಮ ನಿಮ್ಮ ಕಾಗದವನ್ನು ಓದಿ, ಮಡಚಿ, ನನ್ನ ಕೈಯಲ್ಲಿಟ್ಟು ಹಟ್ಟಿಗೆ ಹೋದರು. ದನಕ್ಕೆ ಹುಲ್ಲು ಹಾಕಿ ಬಂದು ಅಡಿಗೆ ಮಾಡಿದರು. ಗೋಡೆಯಲ್ಲಿ ನಿಮ್ಮ ಫೋಟೋ ಇದ್ದ ಪೇಪರಿನ ತುಂಡನ್ನು ಅಂಟಿಸಿದ್ದರು, ಅದನ್ನು ತೆಗೆದಿದ್ದಾರೆ. ಹರಿದುಹಾಕಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನನ್ನ ಮಗಳಿಗೆ ಮೊದಲ ಕಣಿ ತೋರಿಸಿದ್ದು ಆ ಮನೆಯಲ್ಲೇ, ಬಿಸು ದಿನವೇ. ಅವಳನ್ನು ಎತ್ತಿಕೊಂಡು ನಾವೆಲ್ಲ ನಗುತ್ತಾ ಇದ್ದೆವು. ಆ ದಿನ ಅಣ್ಣನದು ಎಂದು ಗೊತ್ತಿದ್ದರೆ ಒಂದು ಎಲೆ ಇಡುತ್ತಿದ್ದೆವು, ಆಮೇಲೆ ನಗುತ್ತಿದ್ದೆವು. ನಮಗೆ ಏನನ್ನು ತಡೆದುಕೊಳ್ಳಲಿಕ್ಕೆ ಆಗುತ್ತದೆ, ಏನು ಆಗುವುದಿಲ್ಲ ಎಂದು ನೀವು ಹೇಗೆ ತೀರ್ಮಾನ ಮಾಡಿದಿರಿ?

ಅಣ್ಣ ಕೊನೆಗೆ ಏನು ಹೇಳುತ್ತಿದ್ದ ಎಂದು ನೀವು ಬರೆದದ್ದು ನನಗೆ ಪೂರ್ತಿ ಅನಿಸಲಿಲ್ಲ. ಈಗ ಕೇಳುವುದಿಲ್ಲ. ಸದ್ಯಕ್ಕೆ ಅಮ್ಮನಿಗೆ ಬರೆಯಬೇಡಿ. ಫೋನೂ ಬೇಡ.

ಹೇಮಶ್ರೀ


ಅರಂತೋಡು
೨೮ ಮಾರ್ಚ್ ೨೦೨೫

ಗಿರಿಧರನಿಗೆ,

ಮೇಜರ್ ಸಾಹೇಬರಿಗೆ ಎಂದು ಶುರುಮಾಡಿ ಎರಡು ಕಾಗದ ಹರಿದೆ. ಆ ಮನುಷ್ಯನಿಗೆ ಬೈಯಲಿಕ್ಕೆ ನನಗೆ ನಾಲಿಗೆ ಏಳುವುದಿಲ್ಲ. ನಿನಗೆ ಬೈಯಬಹುದು, ನೀನು ನನ್ನ ಮಗನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಅಷ್ಟೇ.

ನಾಲೆಗೆ ಇಳಿಯದೆ ಇದ್ದದ್ದಕ್ಕೆ ನನ್ನಿಂದ ಬೈಗಳು ಬರುತ್ತದೆ ಎಂದು ನೀನು ಕಾದು ಕೂತಿರಬಹುದು. ಅದು ನನ್ನಲ್ಲಿ ಇಲ್ಲ. ಇಲ್ಲ ಎಂದರೆ, ಒಂದು ತಿಂಗಳು ಇತ್ತು. ಎಪ್ಪತ್ತು ಹೆಜ್ಜೆ ಎಂದು ಬರೆದಿದ್ದೆಯಲ್ಲ, ಮನೆಯ ಮೆಟ್ಟಿಲಿನಿಂದ ಬಾವಿಯ ಕಡೆಗೆ ಎಣಿಸಿಕೊಂಡು ನಡೆದೆ. ಬಾವಿ ದಾಟಿ ಹಲಸಿನ ಮರಕ್ಕೆ ಎಪ್ಪತ್ತು. ಅಷ್ಟು ಹತ್ತಿರ. ದಿನಾ ನಡೆದೆ, ದಿನಾ ನಿನ್ನನ್ನು ಬೈದೆ. ಆಮೇಲೆ ಒಂದು ದಿನ ಅವನ ಅಪ್ಪ ಇದ್ದಿದ್ದರೆ ಎಂತ ಹೇಳುತ್ತಿದ್ದರು ಎಂದು ಯೋಚಿಸಿದೆ. "ಅವ ಬರ್ಬೇಡಿ ಎಂದ, ಆಫೀಸರ್ ಕೇಳಿದ, ಉಳಿದವರು ಮನೆಗೆ ಹೋದರು" ಎನ್ನುತ್ತಿದ್ದರು. ಅವರು ಹಾಗೆಯೇ, ಜಾಸ್ತಿ ಮಾತಿಲ್ಲ. ಸಾಯುವ ಹೊತ್ತಿಗೂ ನನ್ನ ಮಗ ಬುದ್ಧಿವಂತಿಕೆ ಮಾಡಿದ್ದಾನೆ, ಅದನ್ನು ನೀನು ಹಾಳು ಮಾಡಲಿಲ್ಲ. ಅಲ್ಲಿಗೆ ಅದು ಮುಗಿಯಿತು.

ದಿನ ತಪ್ಪಿಸಿದ್ದು ಮಾತ್ರ ಮುಗಿಯುವುದಿಲ್ಲ. ನನಗೆ ಬಿಸು ಉಳಿಸಲಿಕ್ಕೆ ಹೋಗಿ ಅವನನ್ನು ಏಳು ವರ್ಷ ಉಪವಾಸ ಕೆಡವಿದೆ. ಯಾರು ಕೇಳಿದ್ದರು ನಿನ್ನ ಹತ್ತಿರ? ಅಷ್ಟು ಜನರನ್ನು ಕಾಪಾಡಿದ ಗಂಡಸಿಗೆ ಒಂದು ಮುದುಕಿಗೆ ನಿಜ ಹೇಳುವ ಧೈರ್ಯ ಇರಲಿಲ್ಲ. ಇದನ್ನು ನಾನು ಸಾಯುವವರೆಗೆ ಹೇಳುತ್ತಿರುತ್ತೇನೆ, ನೀನು ಕೇಳುತ್ತಿರಬೇಕು.

ಈಗ ಮುಂದಿನದು. ಬಿಸುವಿನಂದು ಅಗೆಲು ಬಡಿಸಲಿಕ್ಕೆ ಆಗುವುದಿಲ್ಲ ಎಂದು ಬೆಳ್ಯಪ್ಪ ಬಾವ ಹಟ ಹಿಡಿದರು, ಹಬ್ಬದ ದಿನ ಸತ್ತವರ ಎಲೆಯಾ ಎಂದು. ಮೂರು ದಿನ ಜಗಳವಾಯಿತು. ಬೆಳಿಗ್ಗೆ ಕಣಿ ಇಡುತ್ತೇನೆ, ದೀಪ ಹಚ್ಚುವ ಹೊತ್ತಿಗೆ ಎಲೆ ಇಡುತ್ತೇನೆ, ಬೇಡವಾದವರು ಬರುವುದು ಬೇಡ ಎಂದೆ. ಈಗ ಕೋಳಿ ತರುವುದು ಅವರದೇ ಜವಾಬ್ದಾರಿ ಅಂತೆ.

ಏಪ್ರಿಲ್ ಹದಿನಾಲ್ಕಕ್ಕೆ ಸಂಜೆ ನೀನು ಬರಬೇಕು. ಕೋಳಿ ಸಾರು, ರೊಟ್ಟಿ, ಕಳ್ಳು ಎಲ್ಲ ಇರುತ್ತದೆ, ನಿಮ್ಮ ಮನೆಯವರಿಗೆ ಆಗಲಿಕ್ಕಿಲ್ಲ. ನೀನು ಸೈನ್ಯದಲ್ಲಿ ಎಂತೆಲ್ಲ ತಿಂದಿದ್ದೀ ಎಂದು ಮೋಕ್ಷಿತ್ ಹೇಳಿದ್ದ. ನಿನ್ನ ತಾಯಿಗೆ ನಾನು ಹೇಳುವುದಿಲ್ಲ. ಕೂರಲಿಕ್ಕೆ ಕುರ್ಚಿ ಹಾಕಿಸುತ್ತೇನೆ.

ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತು ಅವನ ಹೆಸರು ಕರೆದದ್ದು ನಾನು. ಈ ಸಲ ನೀನು ಕರೆಯಬೇಕು. ಆ ರಾತ್ರಿ ಅವನು ಕರೆದ, ನಿನಗೆ ಹೋಗಲಿಕ್ಕೆ ಆಗಲಿಲ್ಲ. ಈಗ ನೀನು ಕರೆ. ಬರುವುದು ಬಿಡುವುದು ಅವನಿಗೆ ಬಿಟ್ಟದ್ದು.

ಹೇಮಶ್ರೀಯೂ ಬರುತ್ತಾಳೆ. ಅವಳ ಸಿಟ್ಟು ಇಳಿದಿಲ್ಲ. ಅವಳ ಹತ್ತಿರ ನೋಡಿಕೊಂಡು ಮಾತಾಡು.

ದೇವಮ್ಮ


ನರಿಮೊಗರು
೫ ಏಪ್ರಿಲ್ ೨೦೨೫

ಅಮ್ಮ,

ಬರುತ್ತೇನೆ. ನಾನೇ ಕರೆಯುತ್ತೇನೆ.

ಹೇಮಶ್ರೀ ಸರಿಯಾಗಿಯೇ ಹಿಡಿದಿದ್ದಾಳೆ. ಜ್ವರದ ಮಾತು ಎಂದು ಬರೆದದ್ದು ಸುಳ್ಳು. ಇದು ಕೊನೆಯದು, ಇನ್ನು ನನ್ನಲ್ಲಿ ಏನೂ ಉಳಿದಿಲ್ಲ. ರಾತ್ರಿ ಎರಡು ಗಂಟೆಯ ನಂತರ ಅವನು ಕೂಗಿದ್ದು ಒಂದನ್ನೇ. "ನೀರು ಸಾರ್. ಒಂಚೂರು ನೀರು." ಅದನ್ನು ಹುಡುಗರಿಗೆ ಹೇಳಿದ್ದರೆ ಒಬ್ಬನೂ ನಿಲ್ಲುತ್ತಿರಲಿಲ್ಲ, ನನ್ನ ಮಾತು ಮೀರಿ ಎಲ್ಲರೂ ಇಳಿಯುತ್ತಿದ್ದರು. ಆದ್ದರಿಂದ ಆರಾಮಿದ್ದಾನೆ ಎಂದೆ. ನನ್ನ ಸೊಂಟದಲ್ಲಿ ನೀರಿನ ಬಾಟಲಿ ಇತ್ತು, ಅರ್ಧಕ್ಕಿಂತ ಹೆಚ್ಚು ಇತ್ತು. ಬೆಳಗಿನವರೆಗೆ ನಾನು ಅದನ್ನು ಮುಟ್ಟಲಿಲ್ಲ. ಅದರಿಂದ ಅವನಿಗೇನೂ ಆಗಲಿಲ್ಲ, ಗೊತ್ತು.

ಕೋಳಿ, ರೊಟ್ಟಿ, ಕಳ್ಳು ಎಲ್ಲ ನೀವು ಬಡಿಸಿ. ಎಲೆಯ ಪಕ್ಕದಲ್ಲಿ ಒಂದು ಲೋಟದಷ್ಟು ಜಾಗ ಬಿಡಿ. ಹಗ್ಗ, ಕೊಡ ಬಾವಿಕಟ್ಟೆಯಲ್ಲೇ ಇರಲಿ, ಯಾರೂ ಮೊದಲೇ ನೀರು ಸೇದಿ ಇಡುವುದು ಬೇಡ. ನಾನು ಸ್ವಲ್ಪ ಬೇಗ ಬರುತ್ತೇನೆ. ಮಂಡಿ ಬಗ್ಗದಿದ್ದರೂ ಬಾವಿಯಿಂದ ಒಂದು ಕೊಡ ನೀರು ಎಳೆಯಲು ನನಗೆ ಆಗುತ್ತದೆ.

ನಿಮ್ಮ,
ಗಿರಿಧರ